ತಾಮ್ರದ ಮೊಳೆ

"ನನ್ನ ಪ್ರಬಂಧ ಹಲಗೆ ಮೇಲಿಲ್ಲ," ಎಂದಳು ಟೋವೆ ಎಡ್‌ಮಾನ್, ಬಾಗಿಲಲ್ಲೇ ನಿಂತು. ಸಿಗ್ನೆ ಏಲಕ್ಕಿ ಬನ್ನನ್ನು ಕೆಳಗಿಟ್ಟಳು.

ನಮ್ಮ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಬೇಕೆನ್ನುವವರು ತಮ್ಮ ಪ್ರಬಂಧವನ್ನು ಎಲ್ಲರೆದುರು ಹಜಾರದ ಓಕ್ ಹಲಗೆಗೆ ಮೊಳೆ ಹೊಡೆದು ತೂಗುಹಾಕಬೇಕು. ಪುಸ್ತಕ ಹಿಡಿಯುವವನು ಮಾರ್ಗದರ್ಶಕ, ಸುತ್ತಿಗೆ ಎತ್ತುವವರು ವಿದ್ಯಾರ್ಥಿ. ಪರೀಕ್ಷೆಗೆ ಮೊದಲೇ ಅದು ಹಲಗೆ ಬಿಟ್ಟರೆ ಪರೀಕ್ಷೆಯೇ ರದ್ದು. ಜಾಗ ಸಾಲದಿದ್ದರೆ ಹಲಗೆಯಲ್ಲೇ ಅತ್ತಿತ್ತ ಸರಿಸಬಹುದು, ಅದೂ ಮಾರ್ಗದರ್ಶಕ ಮಾತ್ರ.

ಟೋವೆ ಹಿಂದಿನ ದಿನ ಬೆಳಿಗ್ಗೆ ಮೊಳೆ ಹೊಡೆದಿದ್ದಳು. ದೋಣಿ ಕಟ್ಟುವ ಅಪ್ಪ ಕೊಟ್ಟ ಉದ್ದನೆಯ ತಾಮ್ರದ ಮೊಳೆ ಅದು. ಪರೀಕ್ಷೆ ತಪ್ಪಿದರೆ ಅಧ್ಯಾಪಕ ಹುದ್ದೆ ಸಹಪಾಠಿ ಮಾಲ್ಟೆಯ ಪಾಲು. ಬಂದರಿನ ಜನರಿಗಾಗಿ ಅವಳು ನಡೆಸುತ್ತಿದ್ದ ಸಂಜೆ ತರಗತಿಗೂ ಬೀಗ.

ಸಿಗ್ನೆ ಹೋಲ್ಮ್‌ಗ್ರೆನ್ ನಿವೃತ್ತ ಕಾನೂನು ಅಧ್ಯಾಪಕಿ. ಗ್ರಂಥಾಲಯದ ಮೇಲಿನ ಎರಡು ಕೋಣೆಗಳಲ್ಲಿ ವಾಸ. ಕ್ಯಾಂಪಸ್ಸಿನಲ್ಲಿ ಏನು ಕಳೆದರೂ ಜನ ಅವಳ ಬಾಗಿಲು ತಟ್ಟುತ್ತಿದ್ದರು. ನಾನು ಇತಿಹಾಸ ಕಲಿಸುತ್ತಿದ್ದೆ, ಅವಳ ಜೊತೆ ಕಾಫಿ ಕುಡಿಯುತ್ತಿದ್ದೆ. ಎರಡನೆಯದರಿಂದಲೇ ನನಗೆ ಹೆಚ್ಚು ವಿದ್ಯೆ ಬಂತು.

ಟೋವೆ, ಮಾಲ್ಟೆ ಇಬ್ಬರಿಗೂ ಮಾರ್ಗದರ್ಶಕ ಪ್ರೊಫೆಸರ್ ಸಿಕ್ಸ್‌ಟೆನ್ ರೂಸ್. ಈ ಮಹಾಶಯ ಯೌವನದಲ್ಲಿ ಒಮ್ಮೆ ಹೆರಿಂಗ್ ಮೀನು ಎಣಿಸಿದ್ದ. ಅದೇ ಎಣಿಕೆ ಅವನ ಸಂಶೋಧನೆ, ಅದೇ ಅವನ ಮೂರು ಕೋರ್ಸು, ಊರೂರು ಸುತ್ತುವ ಮಕ್ಕಳ ಪ್ರದರ್ಶನವೂ ಅದೇ. ಟೋವೆ ಮತ್ತೆ ಎಣಿಸಿ, ಆ ಲೆಕ್ಕ ಪೂರ್ತಿ ತಪ್ಪು ಎಂದು ದಪ್ಪ ಪುಸ್ತಕವನ್ನೇ ಬರೆದಿದ್ದಳು. ಮಾಲ್ಟೆ ರೂಸ್‌ನ ಎಣಿಕೆಯನ್ನು ಹೊಗಳಿ ಬರೆದಿದ್ದ. ಅವನ ಪ್ರಬಂಧ ಎಷ್ಟು ತೆಳುವೆಂದರೆ ನಾನದನ್ನು ಲೋಟದ ಕೆಳಗಿಟ್ಟು ಮರೆತಿದ್ದೆ.

ಎಲ್ಲರ ಅನುಮಾನ ಮಾಲ್ಟೆಯ ಮೇಲೆ. ನನಗೂ ಅಷ್ಟೆ. ಅವನು ಹಿಂದಿನ ಮಧ್ಯಾಹ್ನ ತಾನೂ ಮೊಳೆ ಹೊಡೆದು, ಹಸಿರು ಕೇಕ್ ಹಂಚಿ, ಪ್ರಚಾರ ವಿಭಾಗದ ಕ್ಯಾಮೆರಾಕ್ಕೆ ಹಲ್ಲು ಕಿರಿದಿದ್ದ.

ಸಿಗ್ನೆ ಹಲಗೆಯ ಮುಂದೆ ಬಹಳ ಹೊತ್ತು ನಿಂತಳು. ಟೋವೆಯ ಜಾಗದಲ್ಲಿ ಬರೀ ತೂತು. ಪಕ್ಕದಲ್ಲಿ ಮಾಲ್ಟೆಯ ಪ್ರಬಂಧ ಹೊಟ್ಟೆ ಉಬ್ಬಿಸಿಕೊಂಡು ನೇತಾಡುತ್ತಿತ್ತು. ಎಲ್ಲರನ್ನೂ ಕರೆಸು ಎಂದಳು.

ರೂಸ್ ಗಡಿಯಾರ ನೋಡುತ್ತಲೇ ಬಂದ. ಇಲಾಖೆಯವರು ಉಳಿದ ಕೇಕ್ ತಿನ್ನುತ್ತಾ ಸೇರಿದರು. ಬಿಟ್ಟಿ ಕೇಕ್ ಇದ್ದರೆ ನಮ್ಮ ವಿದ್ವಾಂಸರು ತಪ್ಪಿಸಿಕೊಳ್ಳುವುದಿಲ್ಲ.

ಪುಸ್ತಕ ಮಾತ್ರ ಬೇಕಾದವನು ಮೊಳೆಯನ್ನು ಅಲ್ಲೇ ಬಿಸಾಡುತ್ತಿದ್ದ, ಎಂದು ಸಿಗ್ನೆ ಶುರುಮಾಡಿದಳು. ಇಲ್ಲಿ ಮೊಳೆಯೂ ಇಲ್ಲ. ಅಂದರೆ ಕಳ್ಳನಿಗೆ ಉದ್ದನೆಯ ಮೊಳೆಯೇ ಬೇಕಿತ್ತು. ಅಷ್ಟು ಉದ್ದದ್ದು ಯಾವುದಕ್ಕೆ ಬೇಕು? ದಪ್ಪನೆಯದಕ್ಕೆ. ಆಮೇಲೆ ಅವಳು ಮಾಲ್ಟೆಯ ಪ್ರಬಂಧದತ್ತ ಬೆರಳು ತೋರಿಸಿದಳು. "ಇದು ಯಾವಾಗ ಇಷ್ಟು ದಪ್ಪ ಆಯ್ತು?"

ನಾನು ಹತ್ತಿರ ಹೋದೆ. ಮೊಳೆಯ ತಲೆ ತಾಮ್ರದ್ದು. ಮಾಲ್ಟೆಯ ತೆಳು ಪ್ರಬಂಧದ ಅಂಚು ಎತ್ತಿದರೆ ಅದರ ಹಿಂದೆ ಟೋವೆಯ ಕೆಂಪು ಪುಸ್ತಕ.

"ಪ್ರೊಫೆಸರ್ ಕೊಟ್ಟ ಮೊಳೆ ಹೊಡೆದೆ," ಎಂದ ಮಾಲ್ಟೆ. "ನಾನು ಕ್ಯಾಮೆರಾ ನೋಡ್ತಿದ್ದೆ."

ಪುಸ್ತಕ ಹಿಡಿದವನು ರೂಸ್, ಎಂದು ಸಿಗ್ನೆ ಬಿಡಿಸಿ ಹೇಳಿದಳು. ಜನ ಸೇರುವ ಮೊದಲು ಅವನು ಟೋವೆಯದನ್ನು ಕಿತ್ತಿದ್ದ. ಅಷ್ಟರಲ್ಲಿ ಜನ ಬಂದರು, ಕೆಂಪು ಪುಸ್ತಕ ಹೊತ್ತು ಹೋಗಲು ದಾರಿಯಿಲ್ಲ. ಮಾಲ್ಟೆಯದರ ಹಿಂದೆ ಒತ್ತಿ ಹಿಡಿದ; ಮಾಲ್ಟೆಯ ಮೊಳೆ ಎರಡಕ್ಕೂ ಸಾಲದೆ ತಾಮ್ರದ್ದನ್ನೇ ಕೊಟ್ಟ. "ಅವನಿಗೆ ಧೈರ್ಯ ಕೊಟ್ಟಿದ್ದು ನೀವೇ," ಎಂದಳು ಸಿಗ್ನೆ ಕೇಕ್ ತಿನ್ನುವವರಿಗೆ. "ನೀವ್ಯಾರೂ ಪ್ರಬಂಧ ಮುಟ್ಟಿ ನೋಡಲ್ಲ ಅಂತ ಅವನಿಗೆ ಗೊತ್ತಿತ್ತು."

ರೂಸ್‌ಗೆ ನಾಚಿಕೆಯೇನೂ ಆಗಲಿಲ್ಲ. "ಕಿತ್ತಿದ್ದು ಕಿತ್ತಿದ್ದೇ. ನಿಯಮದ ಪ್ರಕಾರ ಪರೀಕ್ಷೆ ರದ್ದು."

"ಹಲಗೆ ಮೇಲೆ ಸರಿಸೋ ಅಧಿಕಾರ ಮಾರ್ಗದರ್ಶಕನಿಗಿದೆ, ಸಿಕ್ಸ್‌ಟೆನ್. ಈಗ ನೀನೇ ಹೇಳು. ಸರಿಸಿದ್ಯಾ, ಕದ್ದ್ಯಾ?"

ಕೇಕ್ ಜಗಿಯುವ ಬಾಯಿಗಳೂ ನಿಂತವು. ರೂಸ್ ಬಾಗಿಲು ನೋಡಿದ, ನೆಲ ನೋಡಿದ.

"ಸರಿಸಿದೆ," ಎಂದ.

"ಹಾಗಾದ್ರೆ ಪರೀಕ್ಷೆ ನಡೆಯುತ್ತೆ. ಈಗ ಅದರ ಜಾಗಕ್ಕೆ ವಾಪಸ್ ಸರಿಸು."

ರೂಸ್ ತಾಮ್ರದ ಮೊಳೆ ಕಿತ್ತು, ಮಾಲ್ಟೆಯದನ್ನು ಅವನದೇ ಸಣ್ಣ ಮೊಳೆಯಲ್ಲಿ ಅಲ್ಲೇ ಸಿಕ್ಕಿಸಿ, ಟೋವೆಯ ಪುಸ್ತಕವನ್ನು ಬಿಡಿಸಿದ. ಪದ್ಧತಿಯಂತೆ ಹಿಡಿಯಬೇಕಾದವನು ಮಾರ್ಗದರ್ಶಕ. ತನ್ನ ಲೆಕ್ಕ ತಪ್ಪು ಎಂದು ಸಾರುವ ಪುಸ್ತಕವನ್ನು ರೂಸ್ ಎರಡೂ ಕೈಯಲ್ಲಿ ಹಲಗೆಗೆ ಒತ್ತಿ ಹಿಡಿದ. ಈ ಸಲ ಎಲ್ಲರೂ ಹಲಗೆಯನ್ನೇ ನೋಡುತ್ತಿದ್ದರು.

"ಅಲ್ಲಾಡಬೇಡ," ಎಂದು ಟೋವೆ ಸುತ್ತಿಗೆ ಎತ್ತಿದಳು.