ಕಟ್ಟೆಯ ಮೇಲಿನ ಮೊದಲ ಹಣ್ಣು

"ಬ್ಯಾಡ ಅಂದಿದ್ರ ಸಾಕಿತ್ರಿ ದಾಕ್ಷಾಯಿಣಿಯವರ. ಹಣ್ಣು ಕೊಳಸೂದು ಬೇಕಿರ್ಲಿಲ್ಲ!"

ದಾಕ್ಷಾಯಿಣಿ ಬೆಚ್ಚಿದಳು. ಮಾಸ್ಕಿನ ಮೇಲಿನ ಆ ಎರಡು ಕಣ್ಣು... ವಿಶ್ವೇಶ್ವರ! ಮೂರು ತಿಂಗಳಿಂದ ಫೋನ್ ಮಾಡದ ವಿಶ್ವೇಶ್ವರ!

ಬನವಾಸಿಯ ಶಾಲೆಯಲ್ಲಿ ಅಂದು ಕೊರೊನಾ ಲಸಿಕೆಯ ಶಿಬಿರ. ಚುಚ್ಚಿಸಿಕೊಂಡವರು ಅರ್ಧ ಗಂಟೆ ಕೂತೇ ಹೋಗಬೇಕು. ಆರಡಿ ದೂರದ ಕುರ್ಚಿಯಲ್ಲಿ ಅವನು. ಎದ್ದು ಹೋಗುವಂತಿಲ್ಲ, ಹತ್ತಿರ ಸರಿಯುವಂತೆಯೂ ಇಲ್ಲ. ಅರವತ್ಮೂರರ ವಿಧವೆಯ ಎದೆ ಹೀಗೆ ಹೊಡೆದುಕೊಳ್ಳುವುದು ಲಸಿಕೆಗೋ, ಇನ್ಯಾವುದಕ್ಕೋ... ಯಾವ ಡಾಕ್ಟರನ್ನು ಕೇಳುವುದು?

'ಯಾವ ಹಣ್ಣು? ನಾನೇನು ಮಾಡಿದೆ?'

ಹೆಂಡತಿಯನ್ನು ಕಳೆದುಕೊಂಡ ಈ ಅನಾನಸ್ ಬೆಳೆಗಾರ ಅವಳಿಗೆ ಪರಿಚಯವಾದದ್ದು ವರದಾ ನದಿಯ ದಂಡೆಯಲ್ಲಿ, ಸಂಜೆಯ ನಡಿಗೆಯಲ್ಲಿ. ಲಾಕ್‌ಡೌನ್ ನಡಿಗೆಯನ್ನು ನಿಲ್ಲಿಸಿತು. ಐದು ಗಂಟೆಯ ಅವನ ಫೋನ್ ಮಾತ್ರ ತಪ್ಪುತ್ತಿರಲಿಲ್ಲ. ಮೇ ತಿಂಗಳಲ್ಲೊಂದು ದಿನ, "ನಿಮ್ಮ ಕಟ್ಟಿ ಮ್ಯಾಲ ಚೀಲ ಇಟ್ಟೀನ್ರಿ, ಬಿಚ್ಚಿ ನೋಡಿ ಹೇಳ್ರಿ" ಎಂದವನು ಆಮೇಲೆ ಮಾತೇ ಆಡಲಿಲ್ಲ.

ಅಯ್ಯೋ, ಆ ಚೀಲ!

ಹೊರಗಿನಿಂದ ಬಂದದ್ದು ಐದು ದಿನ ಕಟ್ಟೆಯ ಮೂಲೆಯಲ್ಲೇ ಇರಬೇಕೆಂಬುದು ಸೊಸೆ ಪ್ರತಿಭಾಳ ಕಾನೂನು. ಮರುದಿನವೇ ದಾಕ್ಷಾಯಿಣಿಗೆ ಜ್ವರ ಬಂತು. ಚೀಲದ ನೆನಪೇ ಹಾರಿಹೋಯಿತು. ಯಾವಾಗಲೋ ಪ್ರತಿಭಾಳೇ ಅದನ್ನು ಎಸೆದಿರಬೇಕು.

"ಏಳನೇ ದಿನ ನಿಮ್ಮ ಬೀದ್ಯಾಗ ಬಂದಿದ್ದೆ. ಗೇಟಿನ ತನಕ ಕೊಳತ ವಾಸನಿ! ನಿಮಗ ಬರ್ಲಿಲ್ಲೇನ್ರಿ?" ಅವನ ದನಿ ಒಡೆಯಿತು. "ನಮ್ಮ ಹೊಲದ ಮೊದಲ ಹಣ್ಣು ಮಾರೂದಿಲ್ಲ. ಅದು ಮನೀ ಯಜಮಾನ್ತಿಗೆ. ನನ್ನಾಕಿ ಹೋದ ಮ್ಯಾಲ ಒಂಬತ್ತು ವರ್ಷ ಯಾರಿಗೂ ಕೊಟ್ಟಿರ್ಲಿಲ್ಲ..."

ಅವಳ ಕಣ್ಣು ತುಂಬಿತು. ಮಗನಿಗೂ ಹೇಳದ ಮಾತನ್ನು ಇವನಿಗೆ ಹೇಳಲೇ? ಪಕ್ಕದ ಮನೆಯ ದೇವಕ್ಕ ಆಂಬುಲೆನ್ಸ್ ಹತ್ತಿ ಒಬ್ಬಳೇ ಹೋದವಳು ವಾಪಸ್ ಬರಲೇ ಇಲ್ಲ...

"ನಂಗ ವಾಸನಿನ ಬರೂದಿಲ್ರಿ!" ಹೇಳಿಯೇ ಬಿಟ್ಟಳು. "ಆ ಜ್ವರದಾಗ ಹೋದದ್ದು ಇನ್ನೂ ಬಂದಿಲ್ಲ. ಹೇಳಿದ್ರ ನನ್ನನ್ನೂ ಒಯ್ತಾರಂತ ಮುಚ್ಚಿಟ್ಟೆ. ಒಗ್ಗರಣಿ ಸೀದ್ರೂ ತಿಳಿಯೂದಿಲ್ಲ. ಮೊನ್ನೆ ಗ್ಯಾಸ್ ಸೋರಿದ್ರೂ ತಿಳೀಲಿಲ್ಲ. ಅತ್ತಿ ತಲಿ ನೆಟ್ಟಗಿಲ್ಲ ಅಂತ ಸೊಸಿ ಅಡಗಿಮನಿಗೇ ಬಿಡವಲ್ಲಳು. ಖರೇನೇ ಇರಬೇಕು ಅಂತ ನಂಗೂ ಅನಸ್ತೈತಿ..."

ವಿಶ್ವೇಶ್ವರ ತಲೆ ತಗ್ಗಿಸಿದ. "ನಿಮ್ಮ ತಲಿ ನೆಟ್ಟಗೈತ್ರಿ. ನನ್ನದು ಕೆಟ್ಟಿತ್ತು. ಒಂದು ಫೋನ್ ಮಾಡಿ ಕೇಳಲಿಲ್ಲ!"

"ನಾನೂ ಕೇಳಲಿಲ್ಲ... ನಿಮಗ ನಾ ಬ್ಯಾಡಾದೆ ಅಂದ್ಕೊಂಡಿದ್ದೆ."

ನರ್ಸ್ ಬಂದಳು. "ಅರ್ಧ ತಾಸಾತು. ಅಜ್ಜಾ, ಅಜ್ಜಿ, ತಲಿ ಏನರ ತಿರಗತೈತೇನ್ರಿ?"

"ಹೌದವ್ವಾ!" ಇಬ್ಬರೂ ಒಟ್ಟಿಗೇ ಹೇಳಿದರು.

"ಹಂಗಾರ ಇನ್ನಷ್ಟು ಹೊತ್ತು ಕೂಡ್ರಿ."

ನರ್ಸ್ ಅತ್ತ ಹೋಗುತ್ತಲೇ ದಾಕ್ಷಾಯಿಣಿ ನಕ್ಕಳು. ಎಷ್ಟು ದಿನವಾಗಿತ್ತು ನಕ್ಕು!

"ಮೊದಲು ಡಾಕ್ಟರಿಗೆ ಹೇಳೂಣು. ಆಮ್ಯಾಲ ನಿಮ್ಮ ಮಗ, ಸೊಸಿಗೆ. ನಾನೂ ಬರ್ತೀನಿ," ಎಂದ ಅವನು.

"ವಾಸನಿ ಮತ್ತ ಬರಲೇ ಇಲ್ಲಂದ್ರ?"

"ನನ್ನ ಮೂಗು ಐತಲ್ರಿ. ಒಗ್ಗರಣಿ ಸೀದ್ರ ನಾ ಹೇಳ್ತೀನಿ."

"ಅದಕ್ಕಂತ ದಿನಾ ನಮ್ಮನಿಗೆ ಬರ್ತೀರೇನು?"

ಅವನ ಕಿವಿ ಕೆಂಪಾಯಿತು. "ನಾ ಬರೂದ್ಯಾಕ್ರಿ... ನೀವ ನಮ್ಮನ್ಯಾಗ ಒಗ್ಗರಣಿ ಹಾಕ್ರಲ್ಲ!"

ದಾಕ್ಷಾಯಿಣಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಮುಂದಿನ ವರ್ಷದ ಮೊದಲ ಹಣ್ಣು ಚೀಲದಾಗ ಇಡಬ್ಯಾಡ್ರಿ ಮತ್ತ... ಕೈಯಾಗ ಕೊಡ್ರಿ."