ಹಳದಿ ಅಂಚಿನ ಕೌದಿ

"ಆ ಕಿಟಕಿಗೇನು ಬೆಲ್ಲ ಮೆತ್ತಿದೆಯೇನೇ? ಬೆಳಗಿಂದ ಅಲ್ಲೇ ಸುತ್ತುತಿದೀಯ!"

"ಸ್ವಲ್ಪ ಗಾಳಿಗೆ, ಅಜ್ಜಿ."

"ಗಾಳಿ ಟ್ರೈಪಾಡ್ ಹೊತ್ಕೊಂಡು ಬರುತ್ತಾ?"

ನಾನು ಕಿಟಕಿ ಬಿಟ್ಟು ಸರಿದೆ.

ಅಜ್ಜಿಯ ಕಥೆಗಳಲ್ಲಿ ರಾಜಕುಮಾರ ಕುದುರೆಯೇರಿ ಬರುತ್ತಿದ್ದ. ನನ್ನವನು (ಇನ್ನೂ ನನ್ನವನಲ್ಲ, ಇರಲಿ) ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬರುವ ಫೋಟೋಗ್ರಾಫರ್. ಹೊಲಿದು ಮುಗಿಸಿದ ಯಾವ ಕೌದಿಯೂ ಫೋಟೋ ಇಲ್ಲದೆ ನಮ್ಮ ಮನೆಯ ಹೊಸಿಲು ದಾಟುವಂತಿಲ್ಲ. ಆಲ್ಬಮ್ಮಿನಲ್ಲಿ ಅದನ್ನು ಅಂಟಿಸಿ, ಯಾವ ಬಟ್ಟೆ, ಯಾರಿಗೆ ಎಂದು ಪಕ್ಕದಲ್ಲಿ ಬರೆಯುವವಳು ನಾನು. ಕೌದಿಯನ್ನು ಎತ್ತಿ ಹಿಡಿದು ಅದರ ಹಿಂದೆ ನಿಲ್ಲುವವಳೂ ನಾನೇ. ಅವನಿಗೆ ಕೌದಿ ಪೂರ್ತಿ ಕಾಣುತ್ತದೆ. ನನ್ನದು ಬೆರಳ ತುದಿ ಮಾತ್ರ.

ನಿನ್ನೆ ಫೋನ್ ಮಾಡಿದ್ದ. "ಸೋಮವಾರದಿಂದ ಬೇರೆ ಊರಿನ ಸ್ಟುಡಿಯೋ ಸೇರ್ತಿದೀನಿ. ಮುಗಿದಿರೋದು ಏನಾದ್ರೂ ಇದ್ರೆ ನಾಳೆ ಬರ್ತೀನಿ."

ಮುಗಿದದ್ದು ಒಂದೂ ಇರಲಿಲ್ಲ. "ಇದೆ" ಎಂದುಬಿಟ್ಟೆ.

ಫೋನ್ ಇಟ್ಟವಳೇ ನನಗಾಗಿ ಹೊಲಿದುಕೊಂಡಿದ್ದ, ಆಗಲೇ ಆಲ್ಬಮ್ ಸೇರಿದ್ದ ಕೌದಿಯನ್ನು ಕಪಾಟಿನಿಂದ ಎಳೆದು, ಅದರ ನೀಲಿ ಅಂಚು ಬಿಚ್ಚಿ, ಹಳದಿ ಅಂಚು ಕೂರಿಸಿದೆ. ಅವಸರಕ್ಕೆ ಬೆರಳಿಗೆಲ್ಲ ಸೂಜಿ ಚುಚ್ಚಿತು.

ಬಂದ. ಕ್ಯಾಮೆರಾ ನಿಲ್ಲಿಸಿದ. ನಾನು ಕೌದಿ ಎತ್ತಿ ಹಿಡಿದೆ. ಕ್ಲಿಕ್ ಎನ್ನಲೇ ಇಲ್ಲ.

"ರೀ, ಇದು ಹಳೇದಲ್ವಾ?"

ಕೌದಿಯನ್ನು ಇನ್ನಷ್ಟು ಮೇಲೆತ್ತಿದೆ. "ಹಳದಿ ಅಂಚು ಕಾಣ್ತಿಲ್ವಾ? ಹೊಸದು."

"ಅಂಚೇನೋ ಹೊಸದು. ನಡುವೆ ಓರೆಯಾಗಿ ಕೂತಿರೋ ಆ ಕೆಂಪು ಚೌಕ? ಅದನ್ನ ಬಿಚ್ಚೋಕೆ ಮರೆತ್ರಲ್ಲ!"

ನನ್ನ ಮುಖ ಆ ಚೌಕಕ್ಕಿಂತ ಕೆಂಪಾಯಿತು. ಪುಣ್ಯಕ್ಕೆ ಕೌದಿ ಅಡ್ಡವಿತ್ತು.

"ಹೇಳ್ಬಿಡೇ, ಕೈ ಸೋತು ಹೋಗುತ್ತೆ," ಎಂದಳು ಅಜ್ಜಿ.

"ಮುಗಿದಿರೋದು ಇಲ್ಲ ಅಂದಿದ್ರೆ ನೀವು ಬರ್ತಿರಲಿಲ್ಲ," ಬಟ್ಟೆಗೇ ಹೇಳಿದೆ. "ನೋಡದೆ ಕಳಿಸೋಕೆ ನನಗೆ ಆಗ್ತಿರಲಿಲ್ಲ."



"ಹೋದ ಸಲ ಫೋಟೋ ಶೇಕ್ ಆಗಿದೆ ಅಂತ ಮತ್ತೆ ಬಂದಿದ್ನಲ್ಲ..." ಅವನ ದನಿ ಹತ್ತಿರವಾಯಿತು. "ಶೇಕ್ ಆಗಿರಲಿಲ್ಲ."

"ಟ್ರೈಪಾಡ್ ಮೇಲಿಟ್ಟ ಕ್ಯಾಮೆರಾ ಅದು ಹೇಗಪ್ಪಾ ನಡುಗುತ್ತೆ ಅಂತ ನಾನೂ ಅವತ್ತೇ ಅಂದ್ಕೊಂಡೆ," ಅಜ್ಜಿ ಹಲ್ಲಿನಿಂದ ದಾರ ಕಡಿದಳು.

"ಸ್ವಲ್ಪ ಕೆಳಗಿಳಿಸಿ," ಎಂದ.

ಹಣೆಯವರೆಗೆ ಇಳಿಸಿದೆ.

"ಇನ್ನೂ ಸ್ವಲ್ಪ."

ಅಂಚು ನನ್ನ ಕಣ್ಣಿನಿಂದ ಕೆಳಗಿಳಿಯಿತು. ಅವನು ಕ್ಯಾಮೆರಾದ ಹಿಂದೆ ಇರಲೇ ಇಲ್ಲ. ಕೌದಿಯ ಆ ಬದಿಯಲ್ಲೇ, ಉಸಿರು ತಾಕುವಷ್ಟು ಹತ್ತಿರ ನಿಂತಿದ್ದ. ಅವನ ಎಡಗಣ್ಣಿನ ಕೆಳಗೆ ಸಣ್ಣ ಮಚ್ಚೆ. ಇಷ್ಟು ದಿನ ನಾನೂ ನೋಡಿರಲಿಲ್ಲ.

"ಕೌದಿ ಫೋಟೋದಿಂದ ಹೊರಗೆ ಹೋಗುತ್ತೆ," ಎಂದೆ.

"ಹೋಗ್ಲಿ ಬಿಡಿ."

"ನೀವೂ ಹೋಗ್ತೀರಲ್ಲ."

"ಕೆಲಸಕ್ಕೆ ಹೋಗ್ಲೇಬೇಕು. ಆದ್ರೆ ಪ್ರತಿ ಭಾನುವಾರ ಬರ್ತೀನಿ. ಮುಗಿದಿರೋದು ಒಂದೂ ಇಲ್ದಿದ್ರೂ. ಬರ್ಲಾ?"

ಕೈ ತಾನೇ ಸಡಿಲವಾಯಿತು. ಕೌದಿ ನಮ್ಮಿಬ್ಬರ ಪಾದಗಳ ಮೇಲೆ ಕುಸಿದು ಬಿತ್ತು.

"ಬನ್ನಿ."

ಆಲ್ಬಮ್ ತೆರೆದು ಪೆನ್ನು ಹಿಡಿದೆ. ಹಳೆಯ ಪುಟದಲ್ಲಿ, ಯಾರಿಗೆ ಎಂಬಲ್ಲಿ, 'ನನಗೆ' ಎಂದಿತ್ತು. ಹೊಸ ಪುಟದಲ್ಲಿ, ಅವನು ಇಣುಕಿ ನೋಡುತ್ತಿದ್ದಂತೆಯೇ, 'ಇಬ್ಬರಿಗೆ' ಎಂದು ಬರೆದೆ.

ಅಜ್ಜಿ ಕನ್ನಡಕ ಏರಿಸಿ ಓದಿದಳು. "ಒಬ್ಬರ ಅಳತೇದಲ್ವೇನೇ ಅದು? ಇಬ್ಬರಿಗೆ ಹೇಗೆ ಸಾಕಾಗುತ್ತೆ?" ಎನ್ನುತ್ತಾ ಕತ್ತರಿಯನ್ನು ನನ್ನ ಕಡೆ ಸರಿಸಿದಳು. "ಬಿಚ್ಚು ಆ ಅಂಚನ್ನ."