ಬದುಕಿದ್ದವಳ ಚಿತ್ರಕ್ಕೆ ಮಲ್ಲಿಗೆ

ಕುಂದಾಪುರದ ಕಲಾಚರಿತ್ರೆಯನ್ನು ಯಾರಾದರೂ ಬರೆಯುವುದಿದ್ದರೆ 2012ರ ಫೆಬ್ರವರಿಗೆ ಒಂದು ಪೂರ್ತಿ ಅಧ್ಯಾಯ ಮೀಸಲಿಡಬೇಕು. ಆ ತಿಂಗಳು ಸಾಸ್ತಾನದ ಜಮೀನು ಮನೆಯ ಹುಡುಗ ರತನ್, ಒಂದು ಮೊಳ ಒಣಮಲ್ಲಿಗೆಗೆ ಗೋಂದು ಹಚ್ಚಿ ಕ್ಯಾನ್ವಾಸಿಗೆ ಅಂಟಿಸಿದ.

ಕ್ಯಾನ್ವಾಸಿನಲ್ಲಿದ್ದದ್ದು ಕೋಡಿಯ ಮೀನುಗಾರರ ಮನೆಯ ನಿಶ್ಮಿತಾಳ ಮುಖ. ಇದ್ದಿಲಿನ ಗೆರೆ, ಮೇಲೆ ದಪ್ಪ ಕೆಂಪು ಬಣ್ಣ, ಕತ್ತಿನ ಬಳಿ ಹರಿದ ಬಲೆಯ ತುಂಡು, ಕೆನ್ನೆಯಲ್ಲಿ ಹಳೆ ಪೇಪರಿನ ಚೂರು. ಸುತ್ತ ಆ ಮಲ್ಲಿಗೆ.

ಕಲೆ ಬಲ್ಲವರು 'ಮಿಕ್ಸೆಡ್ ಮೀಡಿಯಾ' ಎಂದು ತಲೆದೂಗಿದರು. ಅಂಥವರು ಊರಿನಲ್ಲಿ ಇಬ್ಬರೋ ಮೂವರೋ. ಉಳಿದವರಿಗೆ, ಗೋಡೆಯ ಮೇಲಿನ ಮುಖಕ್ಕೆ ಹೂ ಹಾಕಿದ್ದಾರೆಂದರೆ ಒಂದೇ ಅರ್ಥ.

ಬೈಂದೂರಿನ ಚಂದಯ್ಯ ಆ ಉಳಿದವರಲ್ಲಿ ಒಬ್ಬರು. ಅಕ್ಕನ ಮಗನಿಗೆ ನಿಶ್ಮಿತಾಳನ್ನು ನೋಡಲು ಭಾನುವಾರ ಬರುವವರಿದ್ದರು. ಕುಂದಾಪುರದ ಸಭಾಂಗಣದಲ್ಲಿ ರತನ್‌ನ ಚಿತ್ರಪ್ರದರ್ಶನ ನೋಡಿದವರು, ಫೋಟೋದಲ್ಲಿ ಕಂಡಿದ್ದ ಮುಖ ಗುರುತಿಸಿ ಶುಕ್ರವಾರವೇ ಫೋನ್ ಮಾಡಿದರು. ಎತ್ತಿದವಳು ಅವಳೇ.

"ನಿಮ್ಮನಿ ಹೆಣ್ಣಿಗೆ ಎಂತ ಆದ್ದ್? ಪ್ರದರ್ಶನದಗೆ ಪಟಕ್ಕೆ ಹೂ ಹಾಕಿದ್ದ್ ಕಂಡೆ. ಪಾಪ, ಸಣ್ಣ್ ಪ್ರಾಯ..."

"ಎಂತ ಆಯ್ಲಿಲ್ಲೆ! ನಾನೇ ಮಾತಾಡುದ್!"

ಆ ಕಡೆ ರಿಸೀವರ್ ಬಿದ್ದ ಸದ್ದು.

ಅರ್ಧ ಗಂಟೆಯಲ್ಲಿ ನಿಶ್ಮಿತಾ ಸಭಾಂಗಣದ ಬಾಗಿಲಲ್ಲಿದ್ದಳು.

"ಹ್ವಾಯ್! ನಾ ಯಾವತ್ತ್ ಸತ್ತದ್ದ್, ಹೇಳ್!"

ರತನ್ ಕೈಯಲ್ಲಿದ್ದ ಚಾ ಚೆಲ್ಲಿತು. "ನಿಶೂ..."

"ನಿಶೂ ಇಲ್ಲೆ, ಗಿಶೂ ಇಲ್ಲೆ! ತೆಗಿ ಅದನ್ನ್!"

ಚಿತ್ರ ನೋಡಲು ಬಂದವರೆಲ್ಲ ಇತ್ತ ತಿರುಗಿದರು. ಇದು ಅವರಿಗೆ ಸುಲಭವಾಗಿ ಅರ್ಥವಾಗುವಂತಿತ್ತು.

"ಆ ಹೂ ನಿಂದೇ," ಎಂದ ರತನ್ ಮೆಲ್ಲಗೆ. "ಬಸ್ ಸ್ಟ್ಯಾಂಡಗೆ ತಲೆಯಿಂದ ತೆಗ್ದ್ ನನ್ ಮುಖಕ್ಕೆ ಎಸ್ದದ್ದ್."

ಅಯ್ಯೋ... ಇಷ್ಟು ದಿನ ಇಟ್ಟುಕೊಂಡಿದ್ದನಾ? ಅವಳು ಒಮ್ಮೆ ಆ ಹೂವಿನತ್ತ ನೋಡಿದಳು. ಆದರೆ ಸಿಟ್ಟು ಹೂವಿಗಿಂತ ದೊಡ್ಡದು.

"ಎಸೀದೇ ಎಂತ ಮಾಡ್ಕಿತ್ತ್? ಅಪ್ಪಯ್ಯನ ಹತ್ರ ಹೆಣ್ಣ್ ಕೇಣುಕೆ ಬತ್ತೆ ಅಂದವ ಬಂದ್ಯಾ?"

"ಬಂದಿದ್ದೆ!"

"ಸುಳ್ಳ್!"

"ಬಂದಿದ್ದೆ ಮಾರಾಯ್ತಿ! ಮಳಿಗಾಲ ಮುಗಿಯುಕೆ ಬಂದಿತ್ತ್. ನೀ ಮನಿಯಗೆ ಇರ್ಲಿಲ್ಲೆ. ನನ್ ಅಂಗಿ ಮೇಲಿನ್ ಬಣ್ಣ ಕಂಡ್ ನಿನ್ ಅಪ್ಪಯ್ಯ, 'ಎಷ್ಟೊತ್ತ್ ಮಾಡ್ದೆ, ದೋಣಿ ಇಳ್ಸುದ್ ಯಾವಾಗ?' ಅಂದ್ ಬ್ರಶ್ ಕೈಗೆ ಕೊಟ್ರ್."

"ದೋಣಿಗೆ ಬಣ್ಣ ಬಳುಕೆ ಬಂದವ ಅಲ್ಲ ಅಂದ್ ಹೇಳುಕಾಗ್ದಾ?"

"ಬಾಯೇ ಬರ್ಲಿಲ್ಲೆ... ಬಳ್ದೆ. ಸಂಜಿ ತನಕ."

ನಿಶ್ಮಿತಾಳಿಗೆ ಆ ದೋಣಿ ನೆನಪಾಯಿತು. ಆ ವರ್ಷ ದೋಣಿ ನೀರಿಗಿಳಿದಾಗ ಅದರ ಮೂತಿಯ ಮೇಲೆ ಬಿಡಿಸಿದ್ದ ಎರಡು ಕಣ್ಣುಗಳನ್ನು ಇಡೀ ಕೋಡಿ ಹೊಗಳಿತ್ತು. 'ನಿನ್ನ ಕಣ್ಣಿನ ಹಾಗೇ ಇದೆ' ಎಂದು ಅಮ್ಮ ನಕ್ಕಿದ್ದಳು.

ಅದು ಇವನಾ...!

"ಬಸ್ ಸ್ಟ್ಯಾಂಡಗೆ ಇದನ್ನೇ ಹೇಳುಕೆ ಬಂದದ್ದ್," ಎಂದ ರತನ್. "ನೀ ಬಾಯಿ ತೆಗುಕೆ ಬಿಟ್ಯಾ?"

ಅದೂ ನಿಜವೇ. ನಿಜ ಕೇಳಿದ ಮೇಲೆ ಸಿಟ್ಟು ಇಳಿಯಬೇಕಿತ್ತು. ದಿಕ್ಕು ಮಾತ್ರ ಬದಲಿಸಿತು.

"ಮತ್ತೊಂದ್ ಸಲ ಬಪ್ಪುಕೆ ಎಂತ ಧಾಡಿ ನಿಂಗೆ?"

"ಹೂ ಎಸ್ದ್ಯಲ್ಲ, ಎಲ್ಲ ಮುಗೀತ್ ಅಂದ್ಕಂಡೆ..."

"ಸಿಟ್ಟಗೆ ಎಸ್ದದ್ದ್ ಅದ್! ನಂಗೆ ಸಿಟ್ಟ್ ಬಪ್ದ್ ಯಾರ್ ಮೇಲೆ? ದಾರಿಯಗೆ ಹೋಪರ್ ಮೇಲಾ?"

ಹೇಳಿಬಿಟ್ಟ ಮೇಲೆ ಅವಳ ಕಿವಿ ಬಿಸಿಯಾಯಿತು. ರತನ್ ಕಣ್ಣು ತುಂಬಿ ಬಂತು.

"ನಾಳೆ ಬತ್ತೆ," ಎಂದ.

"ಬಂದ್ ಕೂಡ್ಲೇ ಬಾಯ್ ಬಿಡ್ಕ್."

"ಅಪ್ಪಯ್ಯ ಬೈದ್ರೆ?"

"ಬೈಲಿ." ಅವಳು ಅವನ ಅಂಗಿಯ ಮೇಲೆ ಚೆಲ್ಲಿದ ಚಾವನ್ನು ಸೆರಗಿನಲ್ಲಿ ಒರೆಸಿದಳು. "ನಾನಿಲ್ಯಾ?"

ಮರುದಿನ ರತನ್ ಕೋಡಿಗೆ ಹೋದ. ಅವಳ ಅಪ್ಪ ಲೀಲಾಧರ ಮಧ್ಯಾಹ್ನದವರೆಗೆ ಬೈದು, ಆಮೇಲೆ ಒಪ್ಪಿದರು. ಮೇ ತಿಂಗಳಲ್ಲಿ ಮದುವೆಯಾಯಿತು.